ಚವದಾರ್ ಕೆರೆ: ಕುಡಿಯುವ ನೀರಿಗಾಗಿ ನಡೆದ ಹತ್ತು ವರ್ಷಗಳ ವ್ಯಾಜ್ಯ

ಕನ್ನಡ ನಾಡಿನ ಶಾಸನಗಳನ್ನು ಓದುವವರಿಗೆ ಕೆರೆಯಷ್ಟು ಪರಿಚಿತವಾದ ವಸ್ತು ಬೇರೊಂದಿಲ್ಲ. ಕೆರೆ ಕಟ್ಟಿಸಿದವರು, ತೂಬು ಇಡಿಸಿದವರು, ಒಡೆದ ಏರಿಯನ್ನು ಸರಿಪಡಿಸಿದವರು, ದಾರಿಹೋಕರ ದಾಹ ತಣಿಸಲು ಅರವಟ್ಟಿಗೆಯನ್ನಿರಿಸಿದವರು, ಕೆರೆಯ ರಕ್ಷಣೆಗೆಂದು ಬಿತ್ತುವಟ್ಟದ ಭೂಮಿಯನ್ನು ಬಿಟ್ಟುಕೊಟ್ಟವರು, ಹೀಗೆ ನೀರನ್ನು ದಾನವಾಗಿ ಕಂಡವರ ದೊಡ್ಡ ಪರಂಪರೆಯೇ ಅಲ್ಲಿದೆ. ಇಂಥ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟಲೆಂಬ ಶಾಪಾಶಯವೂ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ನೀರು ಕೊಡುವುದು ಪುಣ್ಯ, ನೀರನ್ನು ಕೆಡಿಸುವುದು ಪಾಪ ಎಂಬ ತಿಳಿವಳಿಕೆಯಲ್ಲಿ ನಮ್ಮ ಪೂರ್ವಿಕರಿಗೆ ಯಾವ ಸಂದೇಹವೂ ಇರಲಿಲ್ಲ.

ಆದರೆ ಈ ದಾಖಲೆಗಳೆಲ್ಲ ಕೊಟ್ಟವರ ದಾಖಲೆಗಳು. ಕೆರೆಯನ್ನು ಕಟ್ಟಿಸಿದವನ ಹೆಸರು, ಕುಲ, ಬಿರುದು ಕಲ್ಲಿನ ಮೇಲಿದೆ. ಆ ಕೆರೆಯ ಮೆಟ್ಟಿಲಿಳಿದು ಕೊಡ ತುಂಬಿಕೊಳ್ಳಲು ಯಾರಿಗೆ ಅನುಮತಿಯಿತ್ತು, ದಡದಲ್ಲಿ ಬರಿಗೊಡ ಹಿಡಿದು ಇತರರ ಕೃಪೆಗಾಗಿ ಯಾರು ಕಾಯುತ್ತಿದ್ದರು ಎಂಬುದನ್ನು ಕಲ್ಲು ಹೇಳುವುದಿಲ್ಲ. ನೀರಿನ ಚರಿತ್ರೆಯನ್ನು ನೀರು ಸಿಗದವರ ಕಡೆಯಿಂದ ಬರೆಯಹೊರಟವನಿಗೆ ಶಾಸನಗಳು ಹೆಚ್ಚು ನೆರವಾಗಲಾರವು. ಅವನು ಬೇರೆ ಆಕರಗಳನ್ನು ಹುಡುಕಬೇಕಾಗುತ್ತದೆ. ಅಂಥ ಆಕರಗಳಲ್ಲಿ ಬಹು ಮುಖ್ಯವಾದುದು ಒಂದು ಸಿವಿಲ್ ವ್ಯಾಜ್ಯದ ಕಡತ. 1927ರಲ್ಲಿ ಕೊಂಕಣದ ಒಂದು ಸಣ್ಣ ಪಟ್ಟಣದಲ್ಲಿ ಹುಟ್ಟಿ 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಮುಗಿದ ಆ ವ್ಯಾಜ್ಯದ ವಸ್ತು ಒಂದು ಕೆರೆಯ ನೀರು. ಅದು ಮಹಾಡದ ಚವದಾರ್ ಕೆರೆ.

ಊರು ಮತ್ತು ಕೆರೆ

ಮಹಾಡ ಇಂದಿನ ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿದೆ. ಅಂದು ಅದನ್ನು ಕೊಲಾಬಾ ಜಿಲ್ಲೆಯೆಂದು ಕರೆಯುತ್ತಿದ್ದರು. ಸಾವಿತ್ರಿ ನದಿಯ ದಡದ ಈ ಪಟ್ಟಣ ಶಿವಾಜಿಯ ರಾಜಧಾನಿಯಾಗಿದ್ದ ರಾಯಗಡ ಕೋಟೆಗೆ ಸಮೀಪದಲ್ಲಿದೆ. ಮರಾಠಿಯಲ್ಲಿ ‘ಚವದಾರ್’ ಎಂದರೆ ರುಚಿಯುಳ್ಳದ್ದು. ಕನ್ನಡದಲ್ಲಿ ಹೇಳುವುದಾದರೆ ಅದು ಸವಿನೀರಿನ ಕೆರೆ. ನಾಲ್ಕೈದು ಎಕರೆಯಷ್ಟು ವಿಸ್ತಾರವಾದ ಈ ಕೆರೆಯ ಸುತ್ತ ಪುರಸಭೆಯ ರಸ್ತೆಗಳು, ರಸ್ತೆಗಳಾಚೆ ಬಹುಪಾಲು ಸವರ್ಣ ಹಿಂದೂಗಳ ಮನೆಗಳು. ಮುಸಲ್ಮಾನರ ಮನೆಗಳೂ ಕೆಲವಿದ್ದವು. ಅನೇಕ ಕಡೆ ನೀರಿಗಿಳಿಯುವ ಮೆಟ್ಟಿಲುಗಳೂ ಕಲ್ಲಿನ ಕಟ್ಟೆಗಳೂ ಆ ಮನೆಗಳವರ ಒಡೆತನದಲ್ಲಿದ್ದವು.

ಅಂದಿನ ಸರಕಾರಿ ಕಡತಗಳು ‘ಅಸ್ಪೃಶ್ಯ’ರೆಂದು ಹೆಸರಿಸಿದ ಸಮುದಾಯಗಳಿಗೆ ಈ ಕೆರೆ ಏಕೆ ಅಗತ್ಯವಾಗಿತ್ತು ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಮಹಾಡದ ದಲಿತರ ಕೇರಿ ಊರ ನಡುವಿನಿಂದ ತುಸು ದೂರದಲ್ಲಿತ್ತು. ಆ ಕೇರಿಗೆ ಅದರದೇ ಆದ ಬಾವಿಯೂ ಇತ್ತು. ಆದರೆ ಮಹಾಡ ತಾಲ್ಲೂಕು ಕೇಂದ್ರ. ಸುತ್ತಲಿನ ಹಳ್ಳಿಗಳ ದಲಿತರು ಸಂತೆಗೆ, ಸಾಮಾನಿಗೆ, ಗ್ರಾಮಸೇವಕರಾಗಿ ಸರಕಾರಿ ಕಾಗದಪತ್ರ ಮುಟ್ಟಿಸಲು, ಕಂದಾಯದ ಹಣ ಕಟ್ಟಲು ದಿನವೂ ಅಲ್ಲಿಗೆ ಬರಬೇಕಿತ್ತು. ಹೊರಗಿನಿಂದ ಬಂದವರಿಗೆ ನೀರು ದೊರೆಯುವ ಸಾರ್ವಜನಿಕ ಕೆರೆ ಇದೊಂದೇ. ಸರಕಾರದ ಹಣವನ್ನು ಹೊತ್ತು ತರಲು ಅರ್ಹನಾದ ಮನುಷ್ಯ, ಬಿಸಿಲಲ್ಲಿ ನಡೆದು ಬಂದ ದಣಿವಿಗೆ ಅದೇ ಊರಿನ ಸಾರ್ವಜನಿಕ ನೀರನ್ನು ಒಂದು ಬೊಗಸೆ ಕುಡಿಯಲು ಅನರ್ಹನಾಗಿದ್ದ. ಮಹಾಡದ ಪ್ರಶ್ನೆ ಹುಟ್ಟಿದ್ದು ಈ ವೈಪರೀತ್ಯದಿಂದ.

ಈ ಕೆರೆಯನ್ನು ಮುಸಲ್ಮಾನರು ಬಳಸುತ್ತಿದ್ದರು. ದನಕರುಗಳು ನೀರು ಕುಡಿಯುತ್ತಿದ್ದವು. ಇದರಿಂದ ನಿಷೇಧದ ಸ್ವರೂಪ ತಿಳಿಯುತ್ತದೆ. ಅದು ನೀರಿನ ಶುಚಿತ್ವವನ್ನು ಕಾಯುವ ನಿಯಮವಾಗಿರಲಿಲ್ಲ. ಯಾರು ಮನುಷ್ಯರ ಸಾಲಿನಲ್ಲಿ ನಿಲ್ಲಬಹುದು ಎಂಬುದನ್ನು ಗೊತ್ತುಪಡಿಸುವ ನಿಯಮವಾಗಿತ್ತು.

ಠರಾವು ಮತ್ತು ಆಚರಣೆ

ದಲಿತರಿಗೆ ನೀರು ದೊರಕಿಸುವ ಪ್ರಯತ್ನಗಳು ಮಹಾಡಕ್ಕೆ ಮೊದಲೂ ನಡೆದಿದ್ದವು. 1868ರಲ್ಲಿ ಜೋತಿರಾವ್ ಫುಲೆಯವರು ಪುಣೆಯ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರೆನಿಸಿದವರಿಗೆ ತೆರೆದರು. ಅದು ಒಬ್ಬ ವ್ಯಕ್ತಿ ತನ್ನ ಸ್ವತ್ತನ್ನು ಹಂಚಿಕೊಂಡ ಔದಾರ್ಯ. ಸಾರ್ವಜನಿಕ ಸ್ವತ್ತಿನ ಮೇಲಿನ ಹಕ್ಕಿನ ಪ್ರಶ್ನೆ ಶಾಸನಸಭೆಯ ಮುಂದೆ ಬಂದದ್ದು ಆಮೇಲೆ.

1923ರ ಆಗಸ್ಟ್ 4ರಂದು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಸಮಾಜ ಸುಧಾರಕ ಸೀತಾರಾಮ ಕೇಶವ ಬೋಲೆಯವರು ಮಂಡಿಸಿದ ಠರಾವು ಅಂಗೀಕೃತವಾಯಿತು. ಸಾರ್ವಜನಿಕ ಹಣದಿಂದ ಕಟ್ಟಿದ, ನಿರ್ವಹಿಸುವ, ಅಥವಾ ಸರಕಾರ ನೇಮಿಸಿದ ಸಂಸ್ಥೆಗಳ ಆಡಳಿತಕ್ಕೊಳಪಟ್ಟ ಎಲ್ಲ ನೀರಿನ ಆಶ್ರಯಗಳು, ಬಾವಿಗಳು, ಧರ್ಮಶಾಲೆಗಳು, ಹಾಗೆಯೇ ಶಾಲೆ, ನ್ಯಾಯಾಲಯ, ಕಚೇರಿ, ಔಷಧಾಲಯಗಳು ಅಸ್ಪೃಶ್ಯ ವರ್ಗಗಳಿಗೂ ತೆರೆದಿರಬೇಕು ಎಂಬುದು ಅದರ ಸಾರ. ಮರುತಿಂಗಳೇ ಸರಕಾರ ಅದನ್ನು ಜಾರಿಗೆ ತರುವಂತೆ ತನ್ನ ಇಲಾಖೆಗಳಿಗೆ ಸೂಚಿಸಿತು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವೆಂಬುದನ್ನು ಇಲ್ಲಿ ನೆನೆಯಬೇಕು. ಆದ್ದರಿಂದ ಬೋಲೆಯವರ ಠರಾವು ಕನ್ನಡ ನಾಡಿನ ಈ ಭಾಗದ ಕೆರೆ ಬಾವಿಗಳಿಗೂ ಅನ್ವಯಿಸುತ್ತಿತ್ತು. ಮಹಾಡದ ಕಥೆ ನಮಗೆ ನೆರೆಯವರ ಕಥೆಯಷ್ಟೇ ಅಲ್ಲ.

1924ರ ಜನವರಿಯಲ್ಲಿ ಮಹಾಡದ ಪುರಸಭೆಯೂ ಒಂದು ಠರಾವು ಮಾಡಿತು. ಚವದಾರ್ ಕೆರೆಯನ್ನು ಅಸ್ಪೃಶ್ಯರು ಬಳಸುವುದಕ್ಕೆ ತನ್ನ ಆಕ್ಷೇಪವಿಲ್ಲವೆಂದು ಅದು ಘೋಷಿಸಿತು. ಕಾಗದದ ಮೇಲೆ ಎಲ್ಲವೂ ಸರಿಹೋಯಿತು. ಆದರೆ ಮೂರು ವರ್ಷಗಳವರೆಗೆ ಒಬ್ಬ ದಲಿತನೂ ಆ ಮೆಟ್ಟಿಲುಗಳನ್ನಿಳಿಯಲಿಲ್ಲ. ಇಳಿದರೆ ಆಗುವುದೇನೆಂಬುದು ಎಲ್ಲರಿಗೂ ತಿಳಿದಿತ್ತು. ಠರಾವನ್ನು ಪಾಲಿಸದ ಪುರಸಭೆ ಮತ್ತು ಲೋಕಲ್ ಬೋರ್ಡುಗಳಿಗೆ ಅನುದಾನ ನಿಲ್ಲಿಸಬೇಕೆಂದು ಬೋಲೆಯವರು 1926ರಲ್ಲಿ ಮತ್ತೊಂದು ಠರಾವು ತರಬೇಕಾಗಿ ಬಂದದ್ದು, ಮೊದಲ ಠರಾವು ಊರೂರುಗಳಲ್ಲಿ ಹೇಗೆ ಕಡತದಲ್ಲೇ ಉಳಿಯಿತು ಎಂಬುದಕ್ಕೆ ಸಾಕ್ಷಿ.

ಹಕ್ಕನ್ನು ಕೊಡುವವರು ಕೊಟ್ಟಾಯಿತು. ಆದರೆ ಅದನ್ನು ಪಡೆಯುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ 1927ರ ಮಾರ್ಚ್ ಬಂದಿತು.

1927ರ ಮಾರ್ಚ್ 20

ಮಾರ್ಚ್ 19 ಮತ್ತು 20ರಂದು ಮಹಾಡದಲ್ಲಿ ಕೊಲಾಬಾ ಜಿಲ್ಲಾ ಬಹಿಷ್ಕೃತ ಪರಿಷತ್ತು ಸಮಾವೇಶಗೊಂಡಿತು. ಸ್ಥಳೀಯವಾಗಿ ಇದನ್ನು ಸಂಘಟಿಸಿದವರಲ್ಲಿ ರಾಮಚಂದ್ರ ಬಾಬಾಜಿ ಮೋರೆಯವರು ಪ್ರಮುಖರು. ಅಧ್ಯಕ್ಷತೆ ವಹಿಸಿದ ಡಾ. ಭೀಮರಾವ್ ರಾಮಜಿ ಅಂಬೇಡ್ಕರ್ ಅವರಿಗೆ ಆಗ ಮೂವತ್ತಾರು ತುಂಬುತ್ತಿತ್ತು. ಕೊಂಕಣದ ಹಳ್ಳಿಗಳಿಂದ ಸಾವಿರಾರು ಜನ, ಅನೇಕರು ಬುತ್ತಿ ಕಟ್ಟಿಕೊಂಡು ನಡೆದೇ ಬಂದರು. ಆ ಜನಕ್ಕೆ ಕುಡಿಯಲು ನೀರೊದಗಿಸುವುದೇ ಸಂಘಟಕರಿಗೆ ದೊಡ್ಡ ಸಮಸ್ಯೆಯಾಯಿತು. ಊರಿನ ಸವರ್ಣೀಯರಿಂದ 40 ರೂಪಾಯಿ ತೆತ್ತು ನೀರು ಕೊಂಡು ಸಮಾವೇಶ ನಡೆಸಬೇಕಾಯಿತು. ಎದುರಿಗೇ ಎಕರೆಗಟ್ಟಲೆ ಸಾರ್ವಜನಿಕ ನೀರು, ಪುರಸಭೆಯ ಅನುಮತಿಯ ಠರಾವು ಜೇಬಿನಲ್ಲಿ, ಆದರೂ ನೀರಿಗೆ ಬೆಲೆ ತೆರಬೇಕು! ನೀರಿನ ಹಕ್ಕಿನ ಕುರಿತು ಎಷ್ಟು ಭಾಷಣಗಳಿದ್ದರೂ ಈ 40 ರೂಪಾಯಿಯಷ್ಟು ಸ್ಪಷ್ಟವಾಗಿ ಅವು ವಿಷಯವನ್ನು ತಿಳಿಸಲಾರವು.

ಮೊದಲ ದಿನದ ಮಾತುಗಳಲ್ಲಿ ನೀರಿನ ಪ್ರಸ್ತಾಪಕ್ಕಿಂತ ಬದುಕಿನ ಸುಧಾರಣೆಯ ಪ್ರಸ್ತಾಪವೇ ಹೆಚ್ಚಾಗಿತ್ತು. ಸತ್ತ ದನದ ಮಾಂಸವನ್ನು ತಿನ್ನುವುದನ್ನು ಬಿಡಬೇಕು, ಎಂಜಲಿಗೆ ಕೈಯೊಡ್ಡಬಾರದು, ಮಕ್ಕಳನ್ನು ಓದಿಸಬೇಕು, ಬೇಸಾಯಕ್ಕೆ ಭೂಮಿ ಪಡೆಯಬೇಕು ಎಂದು ಅಂಬೇಡ್ಕರ್ ತಮ್ಮವರಿಗೆ ಹೇಳಿದರು. ಎರಡನೆಯ ದಿನ ಸಭೆ ಮುಗಿಯುವ ಹೊತ್ತಿಗೆ, ಠರಾವನ್ನು ಆಚರಣೆಗೆ ತರಲು ಎಲ್ಲರೂ ಕೆರೆಗೆ ಹೋಗೋಣವೆಂಬ ಸೂಚನೆಯನ್ನು ಅನಂತರಾವ್ ಚಿತ್ರೆಯವರು ಮುಂದಿಟ್ಟರು. ನಾಲ್ಕು ನಾಲ್ಕು ಜನರ ಸಾಲಿನಲ್ಲಿ ಮೆರವಣಿಗೆ ಹೊರಟಿತು. ಗದ್ದಲವಿಲ್ಲದೆ ಊರ ಬೀದಿಗಳನ್ನು ಹಾದು ಕೆರೆಯ ದಡ ಮುಟ್ಟಿತು. ಅಂಬೇಡ್ಕರ್ ನೀರಿಗಿಳಿದು ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಹಿಂದಿದ್ದವರು ಅವರನ್ನು ಅನುಸರಿಸಿದರು. ಬಳಿಕ ಮೆರವಣಿಗೆ ಶಾಂತವಾಗಿ ಚಪ್ಪರಕ್ಕೆ ಹಿಂತಿರುಗಿತು.

ಸ್ವಲ್ಪ ಹೊತ್ತಿನಲ್ಲೇ, ಇವರು ಮುಂದೆ ವೀರೇಶ್ವರ ದೇವಾಲಯವನ್ನೂ ಪ್ರವೇಶಿಸಲಿದ್ದಾರೆಂಬ ವದಂತಿ ಊರಲ್ಲಿ ಹಬ್ಬಿತು. ಅಂಥ ಯೋಜನೆ ಯಾವುದೂ ಇರಲಿಲ್ಲ. ದೊಣ್ಣೆ ಹಿಡಿದ ಗುಂಪು ಚಪ್ಪರಕ್ಕೆ ನುಗ್ಗಿತು. ಊರಿಗೆ ಮರಳಲು ಗಂಟುಮೂಟೆ ಕಟ್ಟುತ್ತಿದ್ದವರನ್ನೂ ಊಟಕ್ಕೆ ಕುಳಿತವರನ್ನೂ ಹೊಡೆಯಿತು. ಆಹಾರವನ್ನು ಮಣ್ಣುಪಾಲು ಮಾಡಿತು. ಓಡಿದವರಲ್ಲಿ ಕೆಲವರು ಮುಸಲ್ಮಾನರ ಮನೆಗಳಲ್ಲಿ ಆಶ್ರಯ ಪಡೆದರು. ಹಳ್ಳಿಗಳಿಗೆ ಮರಳುವ ದಾರಿಗಳಲ್ಲಿಯೂ ಹಲ್ಲೆಗಳಾದವು. ಸೈನ್ಯದಲ್ಲಿದ್ದು ನಿವೃತ್ತರಾದ ಅನೇಕರು ಸಭಿಕರಲ್ಲಿದ್ದರು. ಅಂಬೇಡ್ಕರ್ ಒಂದು ಮಾತು ಹೇಳಿದ್ದರೆ ಮರುಹೊಡೆತಕ್ಕೆ ಅವರು ಸಿದ್ಧರಿದ್ದರು. ಆ ಮಾತನ್ನು ಅವರು ಹೇಳಲಿಲ್ಲ. ಕೈ ಎತ್ತಬಾರದೆಂದು ತಡೆದರು. ಮುಂದೆ ಹಲ್ಲೆಕೋರರಲ್ಲಿ ಕೆಲವರಿಗೆ ಸೆರೆವಾಸದ ಶಿಕ್ಷೆಯಾಯಿತು. ಈ ಸಂಯಮದ ಬೆಲೆ ಎಷ್ಟೆಂಬುದು ಮುಂದಿನ ಹತ್ತು ವರ್ಷಗಳ ನ್ಯಾಯಾಲಯದ ದಾರಿಯನ್ನು ನೋಡಿದಾಗ ತಿಳಿಯುತ್ತದೆ. ಅಂದು ಮಹಾಡದ ಬೀದಿಯಲ್ಲಿ ಪ್ರತಿಹಿಂಸೆ ನಡೆದಿದ್ದರೆ ನೀರಿನ ಪ್ರಶ್ನೆ ಗಲಭೆಯ ಪ್ರಶ್ನೆಯಾಗಿ ಮುಚ್ಚಿಹೋಗುತ್ತಿತ್ತು.

ಶುದ್ಧಿಯ ಅರ್ಥ

ಮೆರವಣಿಗೆಯ ಬಳಿಕ ಸವರ್ಣೀಯರು ಕೆರೆಯ ಶುದ್ಧೀಕರಣಕ್ಕೆ ತೊಡಗಿದರು. 108 ಮಡಕೆಗಳಲ್ಲಿ ಹಾಲು, ಮೊಸರು, ಗೋಮಯ, ಗೋಮೂತ್ರಗಳನ್ನು ತುಂಬಿ, ಮಂತ್ರಘೋಷದೊಂದಿಗೆ ಕೆರೆಯಲ್ಲಿ ಸುರಿದರು. ಕೆರೆ ಮತ್ತೆ ಮಡಿಯಾಯಿತೆಂದು ಸಾರಿದರು.

‘ಶುದ್ಧ’ ಎಂಬ ಶಬ್ದವನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಕೊಳೆಯಿಲ್ಲದ್ದು, ರೋಗ ತಾರದ್ದು ಎಂಬುದು ಒಂದು. ಮೈಲಿಗೆಯಿಲ್ಲದ್ದು ಎಂಬುದು ಇನ್ನೊಂದು. ಮೊದಲನೆಯದು ನೀರಿನ ಗುಣ, ಎರಡನೆಯದು ನೋಡುವವರ ಭಾವನೆ. ಮಹಾಡದಲ್ಲಿ ಈ ಎರಡು ಅರ್ಥಗಳು ಒಂದಕ್ಕೊಂದು ಎದುರಾಗಿ ನಿಂತವು. ಕುಡಿಯುವ ನೀರಿಗೆ ಸಗಣಿ ಸುರಿದದ್ದು ಒಂದು ಅರ್ಥದಲ್ಲಿ ಶುದ್ಧಿ, ಇನ್ನೊಂದು ಅರ್ಥದಲ್ಲಿ ನೀರನ್ನು ಕೆಡಿಸಿದ ಕೆಲಸ. ಶಾಸನಗಳ ಶಾಪಾಶಯವನ್ನು ಬರೆಸಿದವರು ಇದನ್ನು ನೋಡಿದ್ದರೆ ಪಾಪವನ್ನು ಯಾರ ಲೆಕ್ಕಕ್ಕೆ ಬರೆಯುತ್ತಿದ್ದರೋ!

ಮಡಿಯ ಹೆಸರಿನ ನಿಷೇಧ ಕೊನೆಗೆ ಕೊಳೆನೀರಿನ ಕಡೆಗೇ ಮನುಷ್ಯನನ್ನು ದೂಡುತ್ತದೆ ಎಂಬುದನ್ನು ಸಾಹಿತ್ಯವೂ ಗುರುತಿಸಿದೆ. ಮಹಾಡದ ಘಟನೆಯಾದ ಐದು ವರ್ಷಗಳಿಗೆ, 1932ರಲ್ಲಿ, ಪ್ರೇಮಚಂದರು ಬರೆದ ‘ಠಾಕೂರ್ ಕಾ ಕುಂವಾ’ ಎಂಬ ಸಣ್ಣಕಥೆಯ ವಸ್ತು ಇದೇ. ಕಾಯಿಲೆ ಬಿದ್ದ ಗಂಡನಿಗೆ ಕೊಡಲು ಮನೆಯಲ್ಲಿರುವುದು ನಾರುವ ನೀರು. ಗಂಗಿ ರಾತ್ರಿಯ ಕತ್ತಲಲ್ಲಿ ಠಾಕೂರನ ಬಾವಿಗೆ ಹೋಗುತ್ತಾಳೆ. ನೀರು ತುಂಬಿದ ಕೊಡ ಬಾವಿಯ ಬಾಯಿಗೆ ಬರುವ ಹೊತ್ತಿಗೆ ಬಾಗಿಲು ತೆರೆದ ಸದ್ದಾಗಿ, ಹಗ್ಗ ಕೈಬಿಟ್ಟು ಓಡಿ ಬರುತ್ತಾಳೆ. ಮನೆಗೆ ಬಂದು ನೋಡಿದರೆ ಗಂಡ ಅದೇ ಕೊಳೆತ ನೀರನ್ನು ಕುಡಿಯುತ್ತಿದ್ದಾನೆ. ಬಹಿಷ್ಕೃತ ಸಮುದಾಯಕ್ಕೆ ಶುದ್ಧ ನೀರು ಸಿಗದಿರುವುದಕ್ಕೆ ಕಾರಣ ಬಹಳ ಸಲ ನೀರಿನ ಕೊರತೆಯಲ್ಲ, ನೀರಿಗೂ ಮನೆಗೂ ನಡುವೆ ನಿಂತಿರುವ ಠಾಕೂರನ ಬಾಗಿಲು ಎಂಬುದನ್ನು ಈ ಕಥೆ ಒಂದೇ ರಾತ್ರಿಯಲ್ಲಿ ತೋರಿಸಿಬಿಡುತ್ತದೆ.

ಡಿಸೆಂಬರಿನ ಪರಿಷತ್ತು

ಮಾರ್ಚಿನ ಹಲ್ಲೆಯ ನಂತರ ಅಂಬೇಡ್ಕರ್ ಸುಮ್ಮನಾಗಲಿಲ್ಲ. ಏಪ್ರಿಲ್ 3ರಂದು ‘ಬಹಿಷ್ಕೃತ ಭಾರತ’ ಪತ್ರಿಕೆಯನ್ನು ಆರಂಭಿಸಿ, ನೀರಿನ ಪ್ರಶ್ನೆಯನ್ನು ಮರಾಠಿ ಓದುಗರ ಮುಂದೆ ಇರಿಸಿದರು. ಇತ್ತ ಮಹಾಡದ ಪುರಸಭೆ ಆಗಸ್ಟ್ 4ರಂದು ತನ್ನ 1924ರ ಠರಾವನ್ನು ಹಿಂದಕ್ಕೆ ಪಡೆಯಿತು. ಬೋಲೆಯವರ ಠರಾವು ಅಂಗೀಕಾರವಾದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ. ಇನ್ನು ಸತ್ಯಾಗ್ರಹವೇ ದಾರಿಯೆಂದು ನಿಶ್ಚಯವಾಗಿ, ಡಿಸೆಂಬರ್ 25ರಿಂದ ಎರಡನೆಯ ಪರಿಷತ್ತು ನಡೆಸುವುದೆಂದು ತೀರ್ಮಾನವಾಯಿತು.

ಈ ಸಿದ್ಧತೆಯ ನಡುವೆ ನಡೆದ ಒಂದು ಪ್ರಸಂಗವನ್ನು ನೆನೆಯುವುದು ಉಚಿತ. ಬ್ರಾಹ್ಮಣೇತರ ಚಳವಳಿಯ ನಾಯಕರಾದ ಕೇಶವರಾವ್ ಜೇಧೆ ಮತ್ತು ದಿನಕರರಾವ್ ಜವಳಕರ್ ಅವರು ಬೆಂಬಲ ನೀಡಲು ಮುಂದೆ ಬಂದರು. ಆದರೆ ಸತ್ಯಾಗ್ರಹದಲ್ಲಿ ಬ್ರಾಹ್ಮಣರಾರೂ ಇರಕೂಡದೆಂಬುದು ಅವರ ಷರತ್ತು. ಅಂಬೇಡ್ಕರ್ ಆ ಷರತ್ತನ್ನು ಒಪ್ಪಲಿಲ್ಲ. ತಮ್ಮ ವಿರೋಧ ಮೇಲುಕೀಳಿನ ಮನೋಭಾವಕ್ಕೇ ಹೊರತು ಹುಟ್ಟಿಗಲ್ಲ ಎಂಬುದು ಅವರ ನಿಲುವು. ಮಹಾಡದಲ್ಲಿ ಅವರೊಂದಿಗೆ ನಿಂತವರಲ್ಲಿ ಗಂಗಾಧರ ನೀಲಕಂಠ ಸಹಸ್ರಬುದ್ಧೆಯವರು ಬ್ರಾಹ್ಮಣರು. ಚಿತ್ರೆ ಮತ್ತು ಸುರೇಂದ್ರನಾಥ ಟಿಪಣೀಸ್ ಅವರು ಕಾಯಸ್ಥ ಪ್ರಭು ಸಮುದಾಯದವರು.

ಸತ್ಯಾಗ್ರಹ ತಡೆಯಲು ಎದುರಾಳಿಗಳು ಈ ಬಾರಿ ದೊಣ್ಣೆಯ ಬದಲು ಕಾಯಿದೆಯನ್ನು ಹಿಡಿದರು. ಡಿಸೆಂಬರ್ 12ರಂದು ಮಹಾಡದ ನ್ಯಾಯಾಲಯದಲ್ಲಿ ಅಂಬೇಡ್ಕರ್ ಮತ್ತು ಅವರ ಸಂಗಡಿಗರ ಮೇಲೆ ದಾವೆ ಹೂಡಿದರು. ಚವದಾರ್ ಕೆರೆ ಸವರ್ಣೀಯರ ಖಾಸಗಿ ಸ್ವತ್ತು, ಅಸ್ಪೃಶ್ಯರು ಅದರ ನೀರನ್ನು ಮುಟ್ಟದಂತೆ ತಡೆಯಾಜ್ಞೆ ನೀಡಬೇಕು ಎಂಬುದು ಅದರ ಬೇಡಿಕೆ. ಎರಡು ದಿನಗಳಲ್ಲಿ ತಾತ್ಕಾಲಿಕ ತಡೆಯಾಜ್ಞೆ ಬಂದಿತು.

ಪರಿಷತ್ತಿನ ಚಪ್ಪರ ಹಾಕಲು ಸವರ್ಣೀಯರಾರೂ ಜಾಗ ಕೊಡಲಿಲ್ಲ. ಕೊನೆಗೆ ಫತೇಖಾನ್ ಎಂಬ ಮುಸಲ್ಮಾನ ಗೃಹಸ್ಥರು ತಮ್ಮ ಜಾಗ ಕೊಟ್ಟರು. ಡಿಸೆಂಬರ್ 25ರ ರಾತ್ರಿ, ಸಹಸ್ರಬುದ್ಧೆಯವರು ಮಂಡಿಸಿದ ಠರಾವಿನಂತೆ ಮನುಸ್ಮೃತಿಯನ್ನು ದಹಿಸಲಾಯಿತು. ಮಹಾಡವೆಂದೊಡನೆ ಇಂದು ಬಹುಮಂದಿಗೆ ನೆನಪಾಗುವುದು ಈ ಘಟನೆ. ಆದರೆ ನೀರಿನ ದೃಷ್ಟಿಯಿಂದ ಅದರ ಮರುದಿನಗಳು ಅಷ್ಟೇ ಮುಖ್ಯ. ನ್ಯಾಯಾಲಯದ ಆಜ್ಞೆಯನ್ನು ಮೀರಿ ನೀರು ಮುಟ್ಟಿ ಜೈಲಿಗೆ ಹೋಗಲು ಸಾವಿರಾರು ಜನ ಸಿದ್ಧರಿದ್ದರು. ಜಿಲ್ಲಾಧಿಕಾರಿ ಸಭೆಗೆ ಬಂದು ಕಾನೂನನ್ನು ಮೀರಬಾರದೆಂದು ಕೇಳಿಕೊಂಡರು. ದೀರ್ಘವಾದ ಚರ್ಚೆಯ ಬಳಿಕ, ದಾವೆ ತೀರ್ಮಾನವಾಗುವವರೆಗೆ ಸತ್ಯಾಗ್ರಹವನ್ನು ಮುಂದೂಡುವುದೆಂದು ನಿರ್ಧಾರವಾಯಿತು. ಜನರ ಮೆರವಣಿಗೆ ಕೆರೆಯನ್ನು ಒಂದು ಸುತ್ತು ಬಂದು, ನೀರನ್ನು ಮುಟ್ಟದೆ ಮರಳಿತು.

ಕೆರೆಯ ಸುತ್ತ ನಡೆದು ನೀರು ಮುಟ್ಟದೆ ಹಿಂತಿರುಗುವುದು ಆ ಜನರಿಗೆ ಹೊಸತಲ್ಲ. ತಲೆತಲಾಂತರದಿಂದ ಮಾಡಿಕೊಂಡು ಬಂದದ್ದೇ ಅದು. ಆದರೆ ಈ ಬಾರಿ ಅವರು ಹಿಂತಿರುಗಿದ್ದು ಭಯದಿಂದಲ್ಲ, ತಮ್ಮ ತೀರ್ಮಾನದಿಂದ. ಆ ನೀರು ಕುಡಿದರೆ ನಾವೇನೂ ಅಮರರಾಗುವುದಿಲ್ಲ, ಕುಡಿಯದೆ ಇಷ್ಟು ಕಾಲ ಸತ್ತೂ ಇಲ್ಲ, ನಾವೂ ಇತರರಂತೆ ಮನುಷ್ಯರೆಂದು ಸ್ಥಾಪಿಸಲು ಕೆರೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಮಾತನ್ನು ಅಂಬೇಡ್ಕರ್ ಆ ಪರಿಷತ್ತಿನಲ್ಲಿ ಆಡಿದ್ದರು.

‘ಅನಾದಿ’ಯ ಪರೀಕ್ಷೆ

ತಾತ್ಕಾಲಿಕ ತಡೆಯಾಜ್ಞೆ 1928ರ ಫೆಬ್ರವರಿಯಲ್ಲಿ ತೆರವಾಯಿತು. ಆದರೆ ಮೂಲ ದಾವೆ ಎಳೆಯುತ್ತ ಹೋಯಿತು. 1931ರ ಜೂನ್‌ನಲ್ಲಿ ಮಹಾಡದ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ವಾದಿಗಳು ಠಾಣೆಗೆ ಮೇಲ್ಮನವಿ ಹೋದರು. 1933ರ ಜನವರಿಯಲ್ಲಿ ಅಲ್ಲಿಯೂ ಸೋತರು. ಅಲ್ಲಿಂದ ಮುಂಬಯಿ ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ರಂದು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್ ಮತ್ತು ನ್ಯಾಯಮೂರ್ತಿ ಎನ್. ಜೆ. ವಾಡಿಯಾ ಅವರ ಪೀಠ ಕೊನೆಯ ತೀರ್ಪಿತ್ತಿತು. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಯವರಿಗೆ ಆರು ವರ್ಷಗಳ ಸೆರೆವಾಸ ವಿಧಿಸಿದ ನ್ಯಾಯಾಧೀಶರೇ ಈ ಬ್ರೂಮ್‌ಫೀಲ್ಡ್. ಬೊಗಸೆ ನೀರು ಕುಡಿದ ದಿನದಿಂದ ಅಂತಿಮ ತೀರ್ಪಿನವರೆಗೆ ಹತ್ತು ವರ್ಷಗಳಿಗೆ ಮೂರೇ ದಿನ ಕಡಿಮೆ.

ವಾದಿಗಳ ಮೊದಲ ವಾದ ಒಡೆತನದ್ದು. ಅದು ನಿಲ್ಲಲಿಲ್ಲ. ಕೆರೆ ಪುರಸಭೆಗೆ ಸೇರಿದ್ದೆಂದು ನ್ಯಾಯಾಲಯಗಳು ಕಂಡುಕೊಂಡವು. ಎರಡನೆಯ ವಾದ ರೂಢಿಯದು. ಅಸ್ಪೃಶ್ಯರನ್ನು ಹೊರಗಿಟ್ಟು ಸವರ್ಣೀಯರು ಮಾತ್ರ ಈ ನೀರನ್ನು ಬಳಸುವುದು ಅನಾದಿಯಿಂದ ನಡೆದುಬಂದ ಪದ್ಧತಿ, ಅದಕ್ಕೆ ಕಾನೂನಿನ ಬಲವಿದೆ ಎಂಬುದು ಅವರ ಮಾತು. ನಮ್ಮ ಸಮಾಜದಲ್ಲಿ ‘ಹಿಂದಿನಿಂದ ನಡೆದುಬಂದದ್ದು’ ಎಂಬ ಮಾತಿಗಿರುವ ಶಕ್ತಿಯನ್ನು ಬಲ್ಲವರಿಗೆ ಈ ವಾದದ ತೂಕ ಅರಿವಾಗುತ್ತದೆ. ಸಾಮಾನ್ಯವಾಗಿ ಈ ಮಾತನ್ನು ಆಡಿದವನು ಪುರಾವೆ ಕೊಡಬೇಕಾಗಿಲ್ಲ, ಕೇಳಿದವನು ತಲೆಬಾಗಬೇಕು. ನ್ಯಾಯಾಲಯದಲ್ಲಿ ಹಾಗಾಗಲಿಲ್ಲ. ಪದ್ಧತಿ ಇತ್ತೆನ್ನುವವರೇ ಅದನ್ನು ಸಾಬೀತುಪಡಿಸಬೇಕೆಂದಾಯಿತು. ಬದುಕಿರುವವರ ನೆನಪಿನಲ್ಲಿ ಅಸ್ಪೃಶ್ಯರು ಆ ಕೆರೆಯನ್ನು ಬಳಸಿಲ್ಲ ಎಂಬುದಕ್ಕೆ ಸಾಕ್ಷ್ಯವಿತ್ತು. ಆದರೆ ನೆನಪಿನ ಆಚೆಗೂ ಅದೇ ಸ್ಥಿತಿಯಿತ್ತು, ಅದು ಅನಾದಿಯಾದ ಹಕ್ಕು ಎನ್ನಲು ಸಾಕ್ಷ್ಯ ಸಾಲಲಿಲ್ಲ. ವಾದಿಗಳು ಹೇಳುವ ಅನಾದಿ ಪದ್ಧತಿ ಸಿದ್ಧವಾಗಿಲ್ಲವೆಂದು ಹೈಕೋರ್ಟು ಮೇಲ್ಮನವಿಯನ್ನು ವಜಾ ಮಾಡಿತು.

ಚರಿತ್ರೆಯ ಅಭ್ಯಾಸಿಗಳಾದ ನಮಗೆ ಇಲ್ಲಿ ಪಾಠವಿದೆ. ನಿನ್ನೆ ಮೊನ್ನೆಯ ಬಳಕೆಯನ್ನು ಅನಾದಿಯೆಂದು ಸಾಧಿಸುವುದು ಸುಲಭವಲ್ಲ. ಬಳಸದೆ ಇದ್ದರು ಎಂಬ ಸಂಗತಿಯಿಂದ ಬಳಸುವ ಹಕ್ಕಿರಲಿಲ್ಲ ಎಂಬ ತೀರ್ಮಾನಕ್ಕೆ ಹಾರುವುದೂ ಸರಿಯಲ್ಲ.

ಹಾಗೆಂದು ಈ ತೀರ್ಪನ್ನು ಅದು ಹೇಳಿದ್ದಕ್ಕಿಂತ ಹೆಚ್ಚಾಗಿ ಹೊಗಳುವುದೂ ಸಲ್ಲದು. ಅಸ್ಪೃಶ್ಯತೆ ಅನ್ಯಾಯವೆಂದು ಅದು ಹೇಳಲಿಲ್ಲ. ಪದ್ಧತಿ ಸಾಬೀತಾಗಿದ್ದರೆ ಅದು ವಿವೇಕಸಮ್ಮತವೇ, ಸಾರ್ವಜನಿಕ ನೀತಿಗೆ ವಿರುದ್ಧವೇ ಎಂಬುದನ್ನು ಪರಿಶೀಲಿಸಬೇಕಾಗುತ್ತಿತ್ತೇನೋ ಎಂದಷ್ಟೇ ಹೇಳಿ ಮುಂದೆ ಹೋಯಿತು. ಅಂದರೆ ದಲಿತರು ಗೆದ್ದದ್ದು ಎದುರಾಳಿಗಳ ಸಾಕ್ಷ್ಯ ಸಾಲದೆ ಹೋದದ್ದರಿಂದ. ಬೇರೊಂದು ಊರಿನಲ್ಲಿ, ಬೇರೊಂದು ಕೆರೆಯ ವಿಷಯದಲ್ಲಿ, ಸಾಕ್ಷ್ಯ ಬಲವಾಗಿದ್ದರೆ? ಆ ಪ್ರಶ್ನೆ ತೆರೆದೇ ಉಳಿಯಿತು.

ಸಂವಿಧಾನದ ಸಾಲು

ಆ ಪ್ರಶ್ನೆಗೆ ಉತ್ತರ ದೊರೆತದ್ದು ಸಂವಿಧಾನದಲ್ಲಿ. ಹದಿನೇಳನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ಯಾವುದೇ ರೂಪದಲ್ಲಿ ಆಚರಿಸುವುದನ್ನು ನಿಷೇಧಿಸಿತು. ಹದಿನೈದನೆಯ ಅನುಚ್ಛೇದದ ಎರಡನೆಯ ಖಂಡ ಇನ್ನೂ ನಿರ್ದಿಷ್ಟವಾಗಿದೆ. ಪೂರ್ಣವಾಗಿಯಾಗಲಿ ಭಾಗಶಃವಾಗಲಿ ರಾಜ್ಯದ ಹಣದಿಂದ ನಿರ್ವಹಿಸುವ, ಅಥವಾ ಸಾರ್ವಜನಿಕರ ಬಳಕೆಗೆ ಮೀಸಲಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಯಲ್ಲಿ ಜಾತಿಯ ಕಾರಣಕ್ಕೆ ಯಾವ ಪೌರನಿಗೂ ಅಡ್ಡಿಯಾಗಬಾರದೆಂದು ಅದು ವಿಧಿಸುತ್ತದೆ. ಬೋಲೆಯವರ 1923ರ ಠರಾವಿನ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ಎರಡರ ಬಾಂಧವ್ಯ ತಾನಾಗಿ ಕಾಣುತ್ತದೆ. ಒಂದು ದೇಶದ ಮೂಲ ಕಾನೂನಿನಲ್ಲಿ ಸಮಾನತೆ, ಸ್ವಾತಂತ್ರ್ಯಗಳಂಥ ದೊಡ್ಡ ಮಾತುಗಳ ನಡುವೆ ಬಾವಿ, ಕೆರೆಗಳ ಹೆಸರು ಏಕೆ ಬಂತೆಂದು ವಿದ್ಯಾರ್ಥಿಗಳು ಕೇಳುವುದುಂಟು. ಕರಡು ರಚನಾ ಸಮಿತಿಯ ಅಧ್ಯಕ್ಷರು ಚವದಾರ್ ಕೆರೆಯ ನೀರು ಕುಡಿದು ಹತ್ತು ವರ್ಷ ಪ್ರತಿವಾದಿಯಾಗಿ ನಿಂತವರು ಎಂಬುದನ್ನು ತಿಳಿಸಿದರೆ ಸಾಕು, ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, ಮುಂದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಾಗಿ ಮಾರ್ಪಟ್ಟದ್ದು, ನೀರಿಗೆ ಅಡ್ಡಿಪಡಿಸುವುದನ್ನು ಶಿಕ್ಷಾರ್ಹ ಅಪರಾಧವೆಂದಿತು.

ಆದರೆ 1924ರ ಪುರಸಭೆಯ ಠರಾವಿಗೂ ಕೆರೆಯ ಮೆಟ್ಟಿಲಿಗೂ ನಡುವೆ ಇದ್ದ ಅಂತರ ಇನ್ನೂ ಪೂರ್ಣವಾಗಿ ತುಂಬಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಶೇ. 47ರಷ್ಟು ಮನೆಗಳಿಗೆ ಮನೆಯಂಗಳದಲ್ಲೇ ಕುಡಿಯುವ ನೀರಿನ ಸೌಕರ್ಯವಿತ್ತು. ಪರಿಶಿಷ್ಟ ಜಾತಿಗಳ ಮನೆಗಳಲ್ಲಿ ಆ ಪ್ರಮಾಣ ಶೇ. 35ರಷ್ಟು, ಪರಿಶಿಷ್ಟ ಪಂಗಡಗಳಲ್ಲಿ ಶೇ. 20ರಷ್ಟು. ಅಂಗಳದಲ್ಲಿ ನಲ್ಲಿಯಿಲ್ಲದವರು ಹೊರಗೆ ಹೋಗಬೇಕು, ಹೊರಗೆ ಹೋದವರು ಸಾಲಿನಲ್ಲಿ ನಿಲ್ಲಬೇಕು, ಸಾಲು ಇದ್ದಲ್ಲಿ ಯಾರು ಮೊದಲು, ಯಾರು ಕೊನೆ ಎಂಬ ಹಳೆಯ ಲೆಕ್ಕ ತಲೆಯೆತ್ತುತ್ತದೆ.

2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರ ಗ್ರಾಮದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು, ಗೋಮೂತ್ರದಿಂದ ಶುದ್ಧಿ ಮಾಡಿದ ವರದಿಯನ್ನು ನಾವೆಲ್ಲ ಓದಿದೆವು. ಬಳಿಕ ಅಧಿಕಾರಿಗಳು ದಲಿತರನ್ನು ಊರಿನ ತೊಂಬೆಗಳ ಬಳಿಗೆ ಕರೆದೊಯ್ದು ನೀರು ಕುಡಿಸಿದರು. ಮುಂದಿನ ತಿಂಗಳೇ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ವೇಂಗೈವಯಲ್‌ನಲ್ಲಿ ದಲಿತರ ಕೇರಿಗೆ ನೀರೊದಗಿಸುವ ತೊಟ್ಟಿಯಲ್ಲಿ ಮಲ ಬೆರೆತಿರುವುದು ಪತ್ತೆಯಾಯಿತು. ಮಹಾಡದ 108 ಮಡಕೆಗಳು ಎಲ್ಲೋ ಒಡೆದುಹೋದುವೆಂದು ನಾವು ತಿಳಿದಿದ್ದರೆ ಅದು ನಮ್ಮ ಭ್ರಮೆ.

ಇಂದು ಸರಕಾರಗಳು ಮನೆಮನೆಗೆ ನಲ್ಲಿ ಹಾಕಿಸುತ್ತಿವೆ. ಇದು ಸ್ವಾಗತಾರ್ಹ. ಕೊಳವೆ ಅಂಗಳದೊಳಗೆ ಬಂದರೆ ಸಾಲಿನ ಅವಮಾನ ತಪ್ಪುತ್ತದೆ. ಆದರೆ ಕೊಳವೆ ಯಾವ ಬೀದಿಯವರೆಗೆ ಬಂದು ನಿಂತಿತು, ಕೇರಿಯ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಅದನ್ನು ಬಿಡುವ ವಾಲ್ವು ಯಾರ ಕೈಯಲ್ಲಿದೆ ಎಂಬುದನ್ನು ಪ್ರತಿ ಊರಿನಲ್ಲೂ ಕೇಳಬೇಕು. ಕೆರೆ ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೊರೆಸಿದ ನಾಡು ನಮ್ಮದು. ಊರಿನ ಕೆರೆಗಳ ಬಗ್ಗೆ ಬರೆಯುವ ನಮ್ಮ ವಿದ್ಯಾರ್ಥಿಗಳು ಶಾಸನವನ್ನು ಓದಿದ ಮೇಲೆ, ಊರ ಹೊರಗಿನ ಕೇರಿಗೂ ಹೋಗಿ, ಹಿರಿಯರನ್ನು ಕಂಡು, ನಿಮ್ಮ ತಾಯಂದಿರು ನೀರು ಎಲ್ಲಿಂದ ತರುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಲಿ. ಆ ಉತ್ತರವೂ ಸೇರಿದಾಗಲೇ ಕೆರೆಯ ಚರಿತ್ರೆ ಪೂರ್ಣವಾಗುತ್ತದೆ.